ಕೆರೆ ಏರಿ ಮೇಲೆ ಸಲೀಂ ಅಲಿ ಪ್ರತಿಮೆ ಬೇಕಾ?

ಪ್ರಶ್ನೆ: ನಾನು ಹಳ್ಳಿಯೊಂದರ ಹೈಸ್ಕೂಲಿನಲ್ಲಿ ಮೇಷ್ಟ್ರು. ನಮ್ಮೂರ ಕೆರೆಗೆ ಚಳಿಗಾಲದಲ್ಲಿ ತುಂಬಾ ಹಕ್ಕಿಗಳು ಬರುತ್ತವೆ. ಕೆರೆ ಬದಿಯ ಈಚಲು ಮರಗಳಲ್ಲಿ ಗೀಜಗನ ಗೂಡುಗಳಿವೆ. ಏರಿ ಮೇಲೆ ಪಕ್ಷಿತಜ್ಞ ಸಲೀಂ ಅಲಿಯವರ ಹೆಸರಿನಲ್ಲಿ ಒಂದು ಪಾರ್ಕ್, ಪ್ರತಿಮೆ, ಕೆರೆ ಸುತ್ತ ವಾಕಿಂಗ್ ಪಾತ್ ಮತ್ತು ದೀಪ ಮಾಡೋಣ ಎಂದು ಊರಿನವರು ಹೇಳುತ್ತಿದ್ದಾರೆ. ಅವರ ನೆನಪಿಗೆ ದೇಶದಲ್ಲಿ ಈಗಾಗಲೇ ಏನೇನಿದೆ? ಅವರಿಗೂ ಕರ್ನಾಟಕಕ್ಕೂ ಏನಾದರೂ ಸಂಬಂಧ ಇದೆಯಾ? ಪ್ರತಿಮೆ ಇಡೋದು ಸರಿಯಾ?

ಉತ್ತರ: ನಿಮ್ಮ ಎರಡನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಮಿಕ್ಕ ಎರಡಕ್ಕೂ ದಾರಿ ಅಲ್ಲಿಂದಲೇ ಸಿಗುತ್ತದೆ.

ಮಕ್ಕಳನ್ನು ಕರೆದುಕೊಂಡು ನೀವು ರಂಗನತಿಟ್ಟಿಗೆ ಹೋಗಿರುತ್ತೀರಿ, ಅಲ್ವಾ? ದೋಣಿ ನಿಧಾನಕ್ಕೆ ತಿಟ್ಟಿನ ಹತ್ತಿರ ಹೋಗುತ್ತದೆ. ಬಂಡೆಯ ಮೇಲೆ ಮೊಸಳೆ ಬಾಯಿ ಕಳೆದುಕೊಂಡು ಮಲಗಿರುತ್ತದೆ. ಅದರ ಮೇಲೆ ಬಾಗಿದ ಮರದಲ್ಲಿ ಬಣ್ಣದ ಕೊಕ್ಕರೆಯ ಮರಿಗಳು ಕತ್ತು ಚಾಚಿ ಅರಚುತ್ತಿರುತ್ತವೆ. ತಾಯಿ ಹಕ್ಕಿ ಬಂದು ಗೂಡಿನೊಳಗೇ ಮೀನು ಕಕ್ಕುತ್ತದೆ. ಒಂದು ಮೀನು ಜಾರಿ ಕೆಳಗೆ ಬಿತ್ತೋ, ಮೊಸಳೆ ಕಣ್ಣು ಬಿಡುತ್ತದೆ. ಮರಗಳ ಕೆಳಗೆಲ್ಲ ಸುಣ್ಣ ಬಳಿದ ಹಾಗೆ ಹಿಕ್ಕೆ. ಆ ವಾಸನೆ ಎಷ್ಟು ದಿನವಾದರೂ ಮರೆಯೋದಿಲ್ಲ.

ಆ ತಿಟ್ಟುಗಳು ತಾವಾಗೇ ಹುಟ್ಟಿದವಲ್ಲ. 17ನೇ ಶತಮಾನದಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಕಾವೇರಿಗೆ ಅಡ್ಡಲಾಗಿ ಒಂದು ಒಡ್ಡು ಕಟ್ಟಿದರು. ರೈತರ ಹೊಲಕ್ಕೆ ನೀರು ಹರಿಸೋದು ಉದ್ದೇಶ. ನೀರು ನಿಂತಿತು, ನಡುವೆ ತಿಟ್ಟುಗಳು ಉಳಿದವು, ಹಕ್ಕಿಗಳು ಬಂದು ಸೇರಿಕೊಂಡವು.

ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದದ್ದು 1939-40ರಲ್ಲಿ. ಅದಕ್ಕೂ ಮುಂಚೆ ಹೈದರಾಬಾದ್, ತಿರುವಾಂಕೂರು, ಕೊಚ್ಚಿ ಸಂಸ್ಥಾನಗಳಲ್ಲಿ ಇದೇ ಕೆಲಸ ಮಾಡಿದ್ದರು. ಮೈಸೂರಿಗೆ ಬರುವ ಹೊತ್ತಿಗೆ ಅವರ ಬದುಕಿನಲ್ಲಿ ದೊಡ್ಡ ಪೆಟ್ಟು ಬಿದ್ದಿತ್ತು. 1939ರಲ್ಲಿ ಅವರ ಹೆಂಡತಿ ತೆಹ್ಮಿನಾ ಒಂದು ಸಣ್ಣ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಅವರು ಮತ್ತೆ ಮದುವೆಯಾಗಲಿಲ್ಲ. ಅಲ್ಲಿಂದ ಮುಂದೆ ಹಕ್ಕಿ ಬಿಟ್ಟರೆ ಬೇರೆ ಬದುಕಿರಲಿಲ್ಲ ಎನ್ನಬೇಕು.

ಕಾವೇರಿಯ ಈ ತಿಟ್ಟುಗಳಲ್ಲಿ ಹಕ್ಕಿಗಳು ಗುಂಪುಗುಂಪಾಗಿ ಗೂಡು ಕಟ್ಟೋದನ್ನು ಅವರು ಕಂಡರು. ಇದನ್ನು ಕಾಪಾಡಬೇಕು ಎಂದು ಮೈಸೂರು ಅರಮನೆಗೆ ಹೇಳಿದರು. ಅರಮನೆ ಒಪ್ಪಿತು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಇಡೀ ಜಾಗ ಒಂದು ಚದರ ಕಿಲೋಮೀಟರ್ ಕೂಡ ಇಲ್ಲ. 80 ವರ್ಷ ದಾಟಿದ ಮೇಲೆ, 2022ರಲ್ಲಿ, ಅದು ಕರ್ನಾಟಕದ ಮೊದಲ ರಾಮ್‌ಸಾರ್ ತಾಣವಾಯಿತು. ಜಗತ್ತಿನ ಮುಖ್ಯ ಜೌಗು ನೆಲೆಗಳ ಪಟ್ಟಿಗೆ ಸೇರಿತು ಎಂದರ್ಥ.

ಅಲ್ಲಿ ಸಲೀಂ ಅಲಿಯವರ ಹೆಸರಿನ ಒಂದು ಮಾಹಿತಿ ಕೇಂದ್ರ ಇದೆ. ಜನ ಅದನ್ನು ದಾಟಿಕೊಂಡು ಸೀದಾ ದೋಣಿಗೆ ಹೋಗುತ್ತಾರೆ. ಅದರಲ್ಲಿ ತಪ್ಪೇನೂ ಕಾಣೋದಿಲ್ಲ ನನಗೆ. ಅವರು ಇವತ್ತು ಇದ್ದಿದ್ದರೆ ತಾವೂ ಸೀದಾ ದೋಣಿಗೇ ಹೋಗುತ್ತಿದ್ದರು.

ಇನ್ನು ಅವರ ನೆನಪಿಗೆ ಏನೇನಿದೆ ಎಂಬ ಮೊದಲ ಪ್ರಶ್ನೆ. ಪ್ರಶಸ್ತಿಗಳ ವಿಷಯ ಬೇಗ ಮುಗಿಸಿಬಿಡುತ್ತೇನೆ. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ. 1967ರಲ್ಲಿ ಬ್ರಿಟಿಷ್ ಪಕ್ಷಿತಜ್ಞರ ಸಂಘದ ಚಿನ್ನದ ಪದಕ. ಬ್ರಿಟಿಷರಲ್ಲದವರಿಗೆ ಆ ಪದಕ ಸಿಕ್ಕಿದ್ದು ಅದೇ ಮೊದಲು. ಡಾಕ್ಟರೇಟ್‌ಗಳು ಬಂದವು, 1985ರಲ್ಲಿ ರಾಜ್ಯಸಭೆಗೆ ನಾಮಕರಣವಾಯಿತು. ಹುಟ್ಟಿ ನೂರು ವರ್ಷವಾದಾಗ, 1996ರಲ್ಲಿ, ಅಂಚೆ ಚೀಟಿ ಬಂತು. ಅವರ ಹುಟ್ಟುಹಬ್ಬ ನವೆಂಬರ್ 12ನ್ನು ನಮ್ಮಲ್ಲಿ ರಾಷ್ಟ್ರೀಯ ಪಕ್ಷಿ ದಿನ ಎಂದು ಆಚರಿಸುತ್ತಾರೆ. ಇವುಗಳಲ್ಲಿ ಒಂದರ ಬಗ್ಗೆ ಮಾತ್ರ ಮಕ್ಕಳಿಗೆ ಬಿಡಿಸಿ ಹೇಳಿ. 70ರ ದಶಕದ ನಡುವಿನಲ್ಲಿ ಅವರಿಗೆ ಪಾಲ್ ಗೆಟ್ಟಿ ವನ್ಯಜೀವಿ ಪ್ರಶಸ್ತಿ ಬಂತು. 50,000 ಡಾಲರ್. ಆ ಕಾಲಕ್ಕೆ ಅದು ಕಣ್ಣು ಕುಕ್ಕುವ ದುಡ್ಡು. ಅದನ್ನು ಅವರು ನಿಸರ್ಗ ಸಂರಕ್ಷಣೆಯ ನಿಧಿಗೆ ಹಾಕಿದರು.

ನನಗೆ ತುಂಬಾ ಇಷ್ಟವಾಗುವ ನೆನಪುಗಳು ಬೇರೆ ಇವೆ. ಅವು ಕಲ್ಲಿನಲ್ಲಿಲ್ಲ, ಜೀವಿಗಳ ಹೆಸರಿನಲ್ಲಿವೆ. ವಿಜ್ಞಾನಿಗಳು ಹೊಸ ಜೀವಿಯೊಂದನ್ನು ಗುರುತಿಸಿದಾಗ ತಾವು ಗೌರವಿಸುವವರ ಹೆಸರನ್ನು ಅದಕ್ಕೆ ಇಡಬಹುದು. ಆಮೇಲೆ ಆ ಜೀವಿಯ ಬಗ್ಗೆ ಯಾವ ದೇಶದಲ್ಲಿ ಯಾರೇ ಬರೆದರೂ ಆ ಹೆಸರನ್ನು ಬರೆಯಲೇಬೇಕು.

1948ರಲ್ಲಿ ತಮಿಳುನಾಡಿನ ಹೈ ವೇವಿ ಬೆಟ್ಟದಲ್ಲಿ, ಈಗಿನ ಮೇಘಮಲೆಯಲ್ಲಿ, ಆಂಗಸ್ ಹಟನ್ ಎಂಬ ನಿಸರ್ಗಾಸಕ್ತರಿಗೆ ಒಂದು ಬಾವಲಿ ಸಿಕ್ಕಿತು. ಅದು ಮುಂಬೈಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಂಗ್ರಹ ಸೇರಿತು. ಎಲ್ಲರೂ ಅದನ್ನು ನಮ್ಮ ಊರುಗಳಲ್ಲಿ ಹಣ್ಣು ತಿನ್ನುವ ಮಾಮೂಲಿ ಗಿಡ್ಡ ಮೂತಿಯ ಬಾವಲಿ ಅಂದುಕೊಂಡರು. ಡ್ರಾಯರ್ ಮುಚ್ಚಿದರು. ಸುಮಾರು 24 ವರ್ಷ ಅದು ತಪ್ಪು ಚೀಟಿಯಡಿಯಲ್ಲೇ ಇತ್ತು. ಥಾಯ್ಲೆಂಡಿನ ಕಿಟ್ಟಿ ಥಾಂಗ್ಲಾಂಗ್ಯಾ ಎಂಬ ವಿಜ್ಞಾನಿ ಅದನ್ನು ಹೊರತೆಗೆದು ಪರೀಕ್ಷಿಸಿದಾಗ ಗೊತ್ತಾಯಿತು: ಇದು ಬರೀ ಹೊಸ ಪ್ರಭೇದ ಅಷ್ಟೇ ಅಲ್ಲ, ಹೊಸ ಕುಲ, ಅಂದರೆ ಪ್ರಭೇದಗಳ ಹೊಸ ಗುಂಪೇ. 1972ರಲ್ಲಿ ಅವರು ಅದಕ್ಕೆ ಲ್ಯಾಟಿಡೆನ್ಸ್ ಸಲೀಮಾಲಿ ಎಂದು ಹೆಸರಿಟ್ಟರು. ಇವತ್ತಿಗೂ ಆ ಕುಲದಲ್ಲಿ ಇರೋದು ಅದೊಂದೇ. ಜಗತ್ತಿನ ಅತಿ ಅಪರೂಪದ ಬಾವಲಿಗಳಲ್ಲಿ ಒಂದು. ಎರಡು ವರ್ಷದಲ್ಲಿ ಕಿಟ್ಟಿಯವರು ತೀರಿಕೊಂಡರು. ಅವರು ಕಂಡುಹಿಡಿದಿದ್ದ, ದುಂಬಿಯಷ್ಟು ಚಿಕ್ಕ ಇನ್ನೊಂದು ಬಾವಲಿಗೆ ಗೆಳೆಯರು ಅವರ ಹೆಸರಿಟ್ಟರು. ಒಬ್ಬರ ನೆನಪಿನ ಪಕ್ಕ ಇನ್ನೊಬ್ಬರ ನೆನಪು.

ಹಕ್ಕಿ ಮನುಷ್ಯನಿಗೆ ಬಾವಲಿಯ ಗೌರವ ಏನು ಎಂದು ಮಕ್ಕಳು ಕೇಳಬಹುದು. ಹಕ್ಕಿಗಳೂ ಇವೆ. ಗೀಜಗನ ದಾಯಾದಿ ಹಕ್ಕಿಯೊಂದಿದೆ, ಫಿನ್ಸ್ ಬಯಾ. ಅದು ಇನ್ನಿಲ್ಲ ಎಂದೇ ಜನ ಅಂದುಕೊಂಡಿದ್ದಾಗ ಹಿಮಾಲಯದ ಬುಡದಲ್ಲಿರುವ ಕುಮಾವೂನಿನ ತರಾಯಿಯಲ್ಲಿ ಮತ್ತೆ ಹುಡುಕಿಕೊಟ್ಟವರು ಸಲೀಂ ಅಲಿ. ಅದರ ಪೂರ್ವದ ಒಳಜಾತಿಗೆ ಹುಮಾಯೂನ್ ಅಬ್ದುಲಾಲಿ 1960ರಲ್ಲಿ ಅವರ ಹೆಸರಿಟ್ಟರು. ದಕ್ಷಿಣದ ಕೆಂಪು ನೆಲದಲ್ಲಿ ಓಡಾಡುವ ಒಂದು ಲಾವಕ್ಕಿಯ ಒಳಜಾತಿಗೆ ಹ್ಯೂ ವಿಸ್ಲರ್ 1943ರಲ್ಲೇ ಅವರ ಹೆಸರಿಟ್ಟಿದ್ದರು. ಟಿಬೆಟ್ ಕಡೆಯ ಒಂದು ಬಾನಾಡಿಗೂ ಅವರದೇ ಹೆಸರು.

2009ರಲ್ಲಿ ಅರುಣಾಚಲದ ಪಶ್ಚಿಮದ ಬೆಟ್ಟಗಳಲ್ಲಿ ಪೇರ್ ಆಲ್‌ಸ್ಟ್ರಾಮ್ ಮತ್ತು ಶಶಾಂಕ್ ದಳವಿ ಹಕ್ಕಿ ನೋಡುತ್ತಿದ್ದರು. ಥ್ರಷ್ ಜಾತಿಯ ಒಂದೇ ಹಕ್ಕಿ ಎರಡು ಥರ ಹಾಡುತ್ತಿತ್ತು. ಮರಗಳೇ ಇಲ್ಲದ ಎತ್ತರದ ಬೋಳು ಬಂಡೆಗಳ ಮೇಲೆ ಇರುವುದರ ಹಾಡು ಕರಕರ ಎನ್ನುವಂತೆ ಒರಟು. ಕೆಳಗೆ ಕಾಡಿನೊಳಗೆ ಇರುವುದರದು ಇಂಪು. ನೋಡೋಕೆ ಎರಡೂ ಹೆಚ್ಚುಕಮ್ಮಿ ಒಂದೇ. ಆಮೇಲೆ ಹಲವು ದೇಶಗಳ ಮ್ಯೂಸಿಯಂಗಳಲ್ಲಿದ್ದ ಹಳೆಯ ಮಾದರಿಗಳನ್ನು ಅಳೆದರು, ಡಿಎನ್‌ಎ ನೋಡಿದರು. ಬೇರೆ ಬೇರೆ ಪ್ರಭೇದಗಳೇ ಎಂದು ಖಾತ್ರಿಯಾಯಿತು. 2016ರಲ್ಲಿ ಕಾಡಿನ ಹಕ್ಕಿಗೆ ಝೂಥೆರಾ ಸಲೀಮಾಲಿ ಎಂಬ ಹೆಸರು ಬಂತು. ಸಲೀಂ ಅಲಿ ತೀರಿಕೊಂಡು ಆಗ 29 ವರ್ಷ. ಕಿವಿಗೊಟ್ಟು ಕೇಳಿದ್ದರಿಂದ ಸಿಕ್ಕ ಹಕ್ಕಿಗೆ ಅವರ ಹೆಸರು ಬಂದದ್ದು ನನಗೆ ತುಂಬಾ ಸರಿ ಅನ್ನಿಸುತ್ತದೆ.

ಇನ್ನೊಂದು ಹೆಸರು ಇದೆ. ಅದನ್ನು ಹೇಳುವಾಗ ನನ್ನ ಗಂಟಲು ಸ್ವಲ್ಪ ಕಟ್ಟುತ್ತದೆ. ತೆಂಗಿನ ತೋಟದಲ್ಲಿ ಕಿರುಚಿಕೊಂಡು ಹಾರುವ ಹೊಂಬೆನ್ನಿನ ಮರಕುಟಿಗ ನಿಮಗೆ ಗೊತ್ತು. ಪಶ್ಚಿಮಘಟ್ಟದ ದಕ್ಷಿಣ ತುದಿಯಲ್ಲಿ ಇರುವ ಅದರ ಒಳಜಾತಿಯ ಹೆಸರಿನ ಕೊನೆಯ ಭಾಗ ತೆಹ್ಮಿನೇ. ವಿಸ್ಲರ್ ಮತ್ತು ಕಿನ್ನಿಯರ್ 1934ರಲ್ಲಿ ಇಟ್ಟ ಹೆಸರು. ಟೆಂಟ್ ಹೊತ್ತುಕೊಂಡು ಗಂಡನ ಜೊತೆ ಕಾಡು ಅಲೆದ ತೆಹ್ಮಿನಾ ಅವರು ಬದುಕಿದ್ದಾಗಲೇ ಇದು ಆಯಿತು. ಆಮೇಲೆ ಐದೇ ವರ್ಷಕ್ಕೆ ಅವರು ಹೋಗಿಬಿಟ್ಟರು. ಆ ಮರಕುಟಿಗ ಮಾತ್ರ ಕೇರಳದ ತೋಟಗಳಲ್ಲಿ ಈಗಲೂ ಕೂಗುತ್ತದೆ.

ಇನ್ನು ಜಾಗಗಳು. ಗೋವಾದಲ್ಲಿ ಮಾಂಡವಿ ನದಿಯ ಚೋರಾಂವ್ ದ್ವೀಪದಲ್ಲಿ ಸಲೀಂ ಅಲಿ ಪಕ್ಷಿಧಾಮ ಇದೆ. ಎರಡು ಚದರ ಕಿಲೋಮೀಟರ್‌ಗೂ ಕಡಿಮೆ ಇರುವ ಕಾಂಡ್ಲಾ ಕಾಡು. ರಿಬಂದರಿನಿಂದ ಫೆರಿಯಲ್ಲಿ ದಾಟಬೇಕು. ಕೇರಳದಲ್ಲಿ ಪೆರಿಯಾರ್ ದಂಡೆಯ ತಟ್ಟೆಕ್ಕಾಡ್ ಇದೆ. 1933ರ ಸಮೀಕ್ಷೆಯ ಹೊತ್ತಿಗೇ ಅವರು ಆ ಕಾಡಿನ ಹಕ್ಕಿಗಳನ್ನು ಕಂಡು ಬೆರಗಾಗಿದ್ದರು. ಸರ್ಕಾರ ಅದನ್ನು ಪಕ್ಷಿಧಾಮ ಮಾಡಿದ್ದು ಐವತ್ತು ವರ್ಷ ಕಳೆದು, 1983ರಲ್ಲಿ. ಮುಂಬೈಯಲ್ಲಿ ಅವರ ಪ್ರೀತಿಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಟ್ಟಡದ ಎದುರಿನ ಚೌಕಕ್ಕೆ ಅವರ ಹೆಸರಿದೆ. ಪುದುಚೇರಿ ವಿಶ್ವವಿದ್ಯಾಲಯದ ಪರಿಸರ ವಿಭಾಗಕ್ಕೂ ಇದೆ, ಔರಂಗಾಬಾದಿನ ಒಂದು ಕೆರೆಗೂ ಇದೆ. ಕೊಯಮತ್ತೂರು ಹತ್ತಿರದ ಆನೈಕಟ್ಟಿಯಲ್ಲಿ 1990ರಲ್ಲಿ ಅವರ ಹೆಸರಿನ ಪಕ್ಷಿ ಸಂಶೋಧನಾ ಕೇಂದ್ರ ಶುರುವಾಯಿತು. ಅದನ್ನು ಜನ ಸಾಕಾನ್ ಎನ್ನುತ್ತಾರೆ. ಹಕ್ಕಿಗಳ ಬಗ್ಗೆ ಓದಬೇಕು ಎನ್ನುವ ನಿಮ್ಮ ಮಕ್ಕಳಿಗೆ ಈ ಹೆಸರು ಹೇಳಿಡಿ.

ಆದರೆ ಹೆಸರಿಟ್ಟ ಮಾತ್ರಕ್ಕೆ ಜಾಗ ಉಳಿಯೋದಿಲ್ಲ. ಶ್ರೀನಗರದಲ್ಲಿ ಬೆಟ್ಟದ ಬುಡದ ಕಾಡೊಂದನ್ನು 1986ರಲ್ಲಿ ರಾಷ್ಟ್ರೀಯ ಉದ್ಯಾನ ಎಂದು ಘೋಷಿಸಿದರು. ಸುಮಾರು 9 ಚದರ ಕಿಲೋಮೀಟರ್. ಅದಕ್ಕೆ ಸಲೀಂ ಅಲಿ ರಾಷ್ಟ್ರೀಯ ಉದ್ಯಾನ ಎಂದು ಹೆಸರು. 1998ರಿಂದ 2001ರ ನಡುವೆ ಅದು ಗಾಲ್ಫ್ ಮೈದಾನವಾಯಿತು. ರಂಗನತಿಟ್ಟಿಗೆ ಅವರ ಹೆಸರಿಲ್ಲ, ಅದು ಉಳಿದಿದೆ. ಶ್ರೀನಗರದ ಕಾಡಿಗೆ ಅವರ ಹೆಸರಿತ್ತು, ಅದು ಹೋಯಿತು. ನಿಮ್ಮ ಊರಿನ ಸಭೆಯಲ್ಲಿ ಈ ಎರಡು ಊರುಗಳ ಮಾತು ತೆಗೆಯಿರಿ.

ಇನ್ನೊಂದು ಕಲ್ಲಿನ ಬಗ್ಗೆ ಹೇಳಲೇಬೇಕು. ರಾಜಸ್ಥಾನದ ಭರತಪುರದಲ್ಲಿ, ಕೇವಲಾದೇವ ದೇವಸ್ಥಾನದ ಹತ್ತಿರ, ಬರಹ ಕೆತ್ತಿದ ಕಲ್ಲುಗಳಿವೆ. ದೂರದಿಂದ ಯುದ್ಧದಲ್ಲಿ ಸತ್ತವರ ಹೆಸರಿನ ಸ್ಮಾರಕದ ಥರ ಕಾಣುತ್ತವೆ. ಹತ್ತಿರ ಹೋಗಿ ಓದಿದರೆ ಅದು ಬೇಟೆಯ ಲೆಕ್ಕ. ತಾರೀಕು, ಯಾವ ಅತಿಥಿಯ ಗೌರವಕ್ಕೆ, ಎಷ್ಟು ಬಂದೂಕು, ಎಷ್ಟು ಹಕ್ಕಿ. ಒಂದು ಸಾಲಿನ ಹತ್ತಿರ ನಾನು ಬಹಳ ಹೊತ್ತು ನಿಂತಿದ್ದೆ. 12 ನವೆಂಬರ್ 1938. ವೈಸ್‌ರಾಯ್ ಲಿನ್‌ಲಿತ್‌ಗೋ. 4,273 ಹಕ್ಕಿಗಳು. ಒಂದೇ ದಿನ. ಅವತ್ತು ಸಲೀಂ ಅಲಿಯವರಿಗೆ 42 ತುಂಬಿದ ದಿನ.

ಅವರೂ ಕೋವಿ ಹಿಡಿದವರೇ. ಹುಡುಗನಾಗಿದ್ದಾಗ ಏರ್‌ಗನ್‌ನಿಂದ ಒಂದು ಗುಬ್ಬಚ್ಚಿ ಹೊಡೆದರು. ನೋಡಿದರೆ ಅದರ ಕತ್ತಿನ ಮೇಲೆ ಹಳದಿ ಕಲೆ. ಇದು ಯಾವ ಗುಬ್ಬಿ ಎಂದು ಕೇಳಿಕೊಂಡು ಸೊಸೈಟಿಗೆ ಹೋದರು. ಅಲ್ಲಿನ ಕಾರ್ಯದರ್ಶಿ ಮಿಲ್ಲಾರ್ಡ್ ಗದರಿಸಿ ಕಳಿಸಲಿಲ್ಲ. ಒಂದೊಂದೇ ಡ್ರಾಯರ್ ಎಳೆದು ದೇಶದ ಹಕ್ಕಿಗಳನ್ನೆಲ್ಲ ತೋರಿಸಿದರು. ಆ ಮಧ್ಯಾಹ್ನದಿಂದ ಎಲ್ಲ ಶುರುವಾಯಿತು. ಮೇಷ್ಟ್ರೇ, ನಿಮ್ಮ ಕೆಲಸಕ್ಕೂ ಮಿಲ್ಲಾರ್ಡ್ ಅವತ್ತು ಮಾಡಿದ್ದಕ್ಕೂ ಜಾಸ್ತಿ ವ್ಯತ್ಯಾಸ ಇಲ್ಲ. ಮುಂದೆ ಸಮೀಕ್ಷೆಗಳಲ್ಲೂ ಅವರು ಅಧ್ಯಯನಕ್ಕೆಂದು ಹಕ್ಕಿ ಹೊಡೆದು ಸಂಗ್ರಹಿಸಿದರು. ಆ ಕಾಲದ ಪಕ್ಷಿ ವಿಜ್ಞಾನ ನಡೆಯುತ್ತಿದ್ದದ್ದೇ ಹಾಗೆ. ಇದನ್ನು ಮಕ್ಕಳಿಂದ ಮುಚ್ಚಿಡಬೇಡಿ.

ಭರತಪುರವನ್ನು ಉಳಿಸಲು ಅವರು ವರ್ಷಗಟ್ಟಲೆ ಹೋರಾಡಿದರು. ಬೇಟೆಯ ಕೊಳ ರಾಷ್ಟ್ರೀಯ ಉದ್ಯಾನವಾಯಿತು, 1985ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಅಲ್ಲೂ ಈಗ ಅವರ ಹೆಸರಿನ ಮಾಹಿತಿ ಕೇಂದ್ರ ಇದೆ. ಆದರೆ ಅಲ್ಲೇ ಒಂದು ದೊಡ್ಡ ತಪ್ಪೂ ನಡೆಯಿತು. ಎಮ್ಮೆ, ದನ ಮೇಯೋದರಿಂದ ಹಕ್ಕಿಗಳಿಗೆ ತೊಂದರೆ ಎಂದು ಸಲೀಂ ಅಲಿ ಬಲವಾಗಿ ನಂಬಿದ್ದರು. 1982ರಲ್ಲಿ ಮೇಯಿಸುವುದನ್ನು ನಿಷೇಧಿಸಿದರು. ಸುತ್ತಲಿನ ಹಳ್ಳಿಯವರು ಸಿಟ್ಟಿಗೆದ್ದರು. ಪೊಲೀಸರ ಗುಂಡಿಗೆ ಹಲವರು ಸತ್ತರು. ಸಲೀಂ ಅಲಿಯವರದೇ ಸೊಸೈಟಿಯ ವಿಜ್ಞಾನಿಗಳು, ವಿ. ಎಸ್. ವಿಜಯನ್ ಅವರ ನೇತೃತ್ವದಲ್ಲಿ, ಹತ್ತು ವರ್ಷ ಕೂತು ಅಧ್ಯಯನ ಮಾಡಿದರು. ಉತ್ತರ ಉಲ್ಟಾ ಬಂತು. ಎಮ್ಮೆಗಳು ಮೇಯುತ್ತಿದ್ದಾಗ ನೀರಿನ ಹುಲ್ಲು ಹದ್ದುಬಸ್ತಿನಲ್ಲಿತ್ತು. ಅವು ಹೋದ ಮೇಲೆ ಹುಲ್ಲು ಕೊಳವನ್ನೇ ಮುಚ್ಚಿಕೊಂಡಿತು. ಬಾತುಗಳಿಗೆ ಈಜಲು ಬಯಲು ನೀರು ಕಡಿಮೆಯಾಯಿತು, ಮೀನು ಕಡಿಮೆಯಾಯಿತು.

ಇದೇ ವಿಜಯನ್ ಮುಂದೆ ಸಾಕಾನ್‌ನ ಮೊದಲ ನಿರ್ದೇಶಕರಾದರು. ಸಲೀಂ ಅಲಿಯವರ ನಂಬಿಕೆ ತಪ್ಪು ಎಂದು ಅಂಕಿ ಸಮೇತ ತೋರಿಸಿದವರೇ ಸಲೀಂ ಅಲಿ ಹೆಸರಿನ ಸಂಸ್ಥೆ ಕಟ್ಟಿದರು. ಯಾವ ಪ್ರತಿಮೆಗಿಂತಲೂ ಇದು ದೊಡ್ಡ ಗೌರವ ಎಂದು ನಾನು ತಿಳಿದಿದ್ದೇನೆ. ಹಾಗೇ ಸತ್ತ ಆ ಹಳ್ಳಿಗರ ನೆನಪೂ ಈ ಕಥೆಯ ಜೊತೆಗೇ ಇರಬೇಕು. ಅವರನ್ನು ಬಿಟ್ಟು ಭರತಪುರದ ಕಥೆ ಹೇಳಬಾರದು.

ಸಲೀಂ ಅಲಿ ಕೇಳಿದರೂ ನಾವು ಕೊಡದೇ ಹೋದ ಒಂದು ಗೌರವವೂ ಇದೆ. ರಾಷ್ಟ್ರಪಕ್ಷಿ ಯಾವುದಾಗಬೇಕು ಎಂಬ ಮಾತು ಬಂದಾಗ ಅವರ ಆಯ್ಕೆ ಎರ್ಲಡ್ಡು ಹಕ್ಕಿ, ಎರೆಭೂತ ಎಂದೂ ಕರೆಯುತ್ತಾರಲ್ಲ, ಅದು. ಎರೆ ನೆಲದ ಬಯಲಿನಲ್ಲಿ ಗತ್ತಿನಿಂದ ನಡೆಯುವ, ಸೊಂಟದೆತ್ತರದ ಹಕ್ಕಿ. ರಾಷ್ಟ್ರಪಕ್ಷಿ ಆದರೆ ಅದು ಉಳಿಯಬಹುದು ಎಂಬ ಆಸೆ ಅವರದು. 1963ರಲ್ಲಿ ನವಿಲು ಗೆದ್ದಿತು. ನವಿಲಿಗೆ ಯಾವ ಕಷ್ಟವೂ ಇರಲಿಲ್ಲ. ಎರ್ಲಡ್ಡು ಈಗ ದೇಶದಲ್ಲೆಲ್ಲ ಸೇರಿ 200ಕ್ಕೂ ಕಡಿಮೆ. ನಮ್ಮ ರಾಜ್ಯದಲ್ಲಿ ಸಿರುಗುಪ್ಪದ ಸೀಮೆಯಲ್ಲಿ ಬೆರಳೆಣಿಕೆಯಷ್ಟು ಕಂಡರೆ ಅದೇ ಭಾಗ್ಯ.

ಈಗ ನಿಮ್ಮ ಕೆರೆಗೆ ಬರೋಣ.

ಪ್ರತಿಮೆ ಬೇಕೇ ಬೇಕು ಎಂದರೆ ಶಾಲೆಯ ಅಂಗಳದಲ್ಲಿ ಇಡಿ. ಕೆರೆ ಹತ್ತಿರ ಬೇಡ. ನನಗೆ ಹೆದರಿಕೆ ಇರೋದು ಪ್ರತಿಮೆಯ ಬಗ್ಗೆ ಅಲ್ಲ, ಅದರ ಹಿಂದೆ ಬರುವ ವಾಕಿಂಗ್ ಪಾತ್ ಮತ್ತು ದೀಪಗಳ ಬಗ್ಗೆ. ನಾನು ನೋಡಿಕೊಂಡು ಬೆಳೆದ ಒಂದು ಕೆರೆಯನ್ನು ಹೀಗೇ ಅಭಿವೃದ್ಧಿ ಮಾಡಿದರು. ಹೂಳು ತೆಗೆಯುವ ನೆಪದಲ್ಲಿ ಅಂಚನ್ನೆಲ್ಲ ಕಡಿದು ತೊಟ್ಟಿಯ ಥರ ಮಾಡಿದರು. ಸುತ್ತ ಕಲ್ಲು ಕಟ್ಟಿದರು. ರಾತ್ರಿಯೆಲ್ಲ ಬೆಳಕು. ನೀರು ತುಂಬಿ ನೋಡೋಕೆ ಚೆನ್ನಾಗೇ ಇತ್ತು. ಹಕ್ಕಿ ಮಾತ್ರ ಇರಲಿಲ್ಲ. ಗೊರವಗಳಿಗೆ ಪಾದ ಮುಳುಗುವಷ್ಟೇ ನೀರಿರುವ ಕೆಸರು ಬೇಕು. ಕೊಕ್ಕರೆಗೆ ಮೊಣಕಾಲುದ್ದದ ನೀರು ಸಾಕು. ಆಳದ ನೀರು ನೀರುಕಾಗೆಗೆ, ಮುಳುಗುವ ಬಾತುಗಳಿಗೆ ಮಾತ್ರ ಸರಿ. ಇಳಿಜಾರಾದ ಅಂಚು ಹೋಯಿತು ಎಂದರೆ ಅರ್ಧ ಹಕ್ಕಿ ಹೋದವು ಎಂದೇ ಲೆಕ್ಕ. ನಮ್ಮ ಕೆರೆಗಳಲ್ಲಿ ನೀರು ಬರುವ ಕಡೆ, ಏರಿಗೆ ಎದುರಿನ ಬದಿ, ಸಹಜವಾಗೇ ತೆಳು ನೀರಿರುತ್ತದೆ. ಆ ಬದಿಯನ್ನು ಮುಟ್ಟಬೇಡಿ. ದನ ಇಳಿದರೆ ಇಳಿಯಲಿ. ಭರತಪುರದ ಪಾಠ ನೆನಪಿದೆಯಲ್ಲ.

ನಮ್ಮ ರಾಜ್ಯದ್ದೇ ಎರಡು ಕೆರೆಗಳ ಉದಾಹರಣೆ ಕೊಡುತ್ತೇನೆ. ಗದಗ ಜಿಲ್ಲೆಯ ಮಾಗಡಿ ಕೆರೆ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಹಗಲು ಅಲ್ಲಿ ಗುಂಪಾಗಿ ಕೂತಿರುತ್ತವೆ. ಸುತ್ತಲಿನ ರೈತರ ಹೊಲಗಳೇ ಅವಕ್ಕೆ ಊಟದ ಮನೆ. ಇನ್ನೊಂದು ವಿಜಯನಗರ ಜಿಲ್ಲೆಯ ಅಂಕಸಮುದ್ರ. ಅದು ನೀರಾವರಿಗೆ ಕಟ್ಟಿದ ಊರ ಕೆರೆ. ಒಳಗೆ ಬೆಳೆದ ಕರಿಜಾಲಿ ಮರಗಳಲ್ಲಿ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಎರಡೂ 2024ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿದವು. ಎರಡಕ್ಕೂ ಯಾರ ಹೆಸರೂ ಇಲ್ಲ, ತಮ್ಮ ಊರಿನ ಹೆಸರೇ. ನಿಮ್ಮ ಕೆರೆಗೂ ಈಗಾಗಲೇ ಒಂದು ಹೆಸರು ಇದ್ದೇ ಇರುತ್ತದೆ. ಅದನ್ನು ಬದಲಿಸಬೇಡಿ. ಹಳೇ ಕೆರೆ ಹೆಸರಿನಲ್ಲಿ ಆ ಊರಿನ ಚರಿತ್ರೆ ಇರುತ್ತದೆ.

ಪಾರ್ಕ್‌ಗೆ ಎತ್ತಿಟ್ಟ ದುಡ್ಡಿನಲ್ಲಿ ಸ್ವಲ್ಪ ತೆಗೆದು ಎರಡು ಬೈನಾಕ್ಯುಲರ್ ಕೊಳ್ಳಿ. 8x40 ಅಳತೆಯದು ಮಕ್ಕಳ ಕೈಗೆ ಸರಿ ಹೋಗುತ್ತದೆ. ಏರಿಯ ಒಂದು ತುದಿಯಲ್ಲಿ ಒಂದೇ ಒಂದು ಬೋರ್ಡ್ ಹಾಕಿಸಿ. ಅದರಲ್ಲಿ ಕೆರೆಯ ಹಕ್ಕಿಗಳ ಹೆಸರು ಕನ್ನಡದಲ್ಲಿರಲಿ, ನಿಮ್ಮೂರಿನ ಹಿರಿಯರು ಕರೆಯುವ ಹೆಸರೇ ಮೊದಲು. ಪಕ್ಕದಲ್ಲಿ ಸಲೀಂ ಅಲಿಯವರ ಬಗ್ಗೆ ಬರೆಸುವುದಾದರೆ ಎರಡು ಸಾಲು ಸಾಕು: ಇವರ ಮಾತಿನಿಂದ ರಂಗನತಿಟ್ಟು ಉಳಿಯಿತು ಎಂದು.

ಆಮೇಲೆ ಒಂದು ದಪ್ಪ ನೋಟ್‌ಬುಕ್. ತಿಂಗಳಿಗೊಮ್ಮೆ, ಅದೇ ಜಾಗದಲ್ಲಿ ನಿಂತು, ಬೆಳಗ್ಗೆ ಅರ್ಧ ಗಂಟೆ ಎಣಿಸಿ. ತಾರೀಕು, ಹೊತ್ತು, ಕೆರೆಯಲ್ಲಿ ಎಷ್ಟು ನೀರಿದೆ, ಯಾವ ಹಕ್ಕಿ, ಎಷ್ಟು. ಗೊತ್ತಾಗದ ಹಕ್ಕಿಯನ್ನು ಊಹಿಸಿ ಬರೆಯೋದು ಬೇಡ. ಕೊಕ್ಕು ಹೇಗಿತ್ತು, ಕಾಲಿನ ಬಣ್ಣ ಯಾವುದು ಎಂದು ಬರೆದಿಟ್ಟುಕೊಳ್ಳಲಿ. ಸಲೀಂ ಅಲಿ ಜೀವನವಿಡೀ ಮಾಡಿದ್ದು ಇದನ್ನೇ. ಲೆಕ್ಕವನ್ನು ಹಕ್ಕಿ ನೋಡುವವರು ದಾಖಲೆ ಹಾಕುವ ಇಬರ್ಡ್ ಜಾಲತಾಣಕ್ಕೂ ಹಾಕಿ. ಜನವರಿಯಲ್ಲಿ ನಡೆಯುವ ಏಷ್ಯಾ ನೀರಹಕ್ಕಿಗಳ ಗಣತಿಗೆ ನಿಮ್ಮ ಕೆರೆಯನ್ನೂ ಸೇರಿಸಿ. ಆ ಗಣತಿ ಶುರುವಾದದ್ದು 1987ರಲ್ಲಿ, ಸಲೀಂ ಅಲಿ ತೀರಿಕೊಂಡ ವರ್ಷ. ಐದು ವರ್ಷದ ಲೆಕ್ಕ ಕೈಯಲ್ಲಿದ್ದರೆ, ನಾಳೆ ಯಾರಾದರೂ ಕೆರೆ ಅಂಚಿಗೆ ಜೆಸಿಬಿ ತಂದು ನಿಲ್ಲಿಸಿದಾಗ ತೋರಿಸಲು ನಿಮ್ಮ ಹತ್ತಿರ ಏನಾದರೂ ಇರುತ್ತದೆ. ಮೈಸೂರು ಅರಮನೆಗೆ ಹೋದಾಗ ಸಲೀಂ ಅಲಿಯವರ ಹತ್ತಿರವೂ ಇದ್ದದ್ದು ನೋಡಿ ಬರೆದಿಟ್ಟ ಟಿಪ್ಪಣಿಯೇ.

ಕೊನೆಗೆ ಆ ಈಚಲು ಮರಗಳ ವಿಷಯ. ದಯವಿಟ್ಟು ಅವನ್ನು ಕಡಿಸಬೇಡಿ. ಸಲೀಂ ಅಲಿ ಹೆಸರು ಮಾಡಿದ್ದೇ ಗೀಜಗನಿಂದ. 1930ರಲ್ಲಿ ಕೈಯಲ್ಲಿ ಕೆಲಸವಿಲ್ಲದೆ ಮುಂಬೈಗೆ ಎದುರಿನ ಕಿಹೀಮ್ ಎಂಬ ಕರಾವಳಿ ಹಳ್ಳಿಯಲ್ಲಿದ್ದರು. ಮನೆ ಹತ್ತಿರದ ಗೀಜಗನ ಗೂಡುಗಳನ್ನು ದಿನಗಟ್ಟಲೆ ಕೂತು ನೋಡಿದರು. ಗಂಡು ಹಕ್ಕಿ ಗೂಡನ್ನು ಹೆಲ್ಮೆಟ್ ಆಕಾರದವರೆಗೆ ಹೆಣೆದು ನಿಲ್ಲಿಸುತ್ತದೆ. ಹೆಣ್ಣು ಬಂದು ಒಳಗೆ ಹೊಕ್ಕು, ನಾರು ಎಳೆದು ಪರೀಕ್ಷೆ ಮಾಡುತ್ತದೆ. ಒಪ್ಪಿದರೆ ಮಾತ್ರ ಕೊಳವೆ ಪೂರ್ತಿಯಾಗುತ್ತದೆ. ಆಮೇಲೆ ಗಂಡು ಇನ್ನೊಂದು ಗೂಡು ಶುರು ಮಾಡಿ ಇನ್ನೊಂದು ಹೆಣ್ಣನ್ನು ಕರೆಯುತ್ತದೆ. ಒಪ್ಪದಿದ್ದರೆ ಆ ಗೂಡು ಅರ್ಧಕ್ಕೇ ನೇತಾಡುತ್ತದೆ. ಇದನ್ನು ಕಾಣಲು ಪ್ರಯೋಗಾಲಯ ಬೇಕಾಗಿರಲಿಲ್ಲ. ಒಂದು ಮರ ಮತ್ತು ಪುರುಸೊತ್ತು ಇದ್ದರೆ ಸಾಕಾಗಿತ್ತು.

ಮುಂಗಾರು ಹಿಡಿದ ಮೇಲೆ ನಿಮ್ಮ ಮಕ್ಕಳನ್ನು ಆ ಮರದಿಂದ ಇಪ್ಪತ್ತು ಹೆಜ್ಜೆ ದೂರ ಕೂರಿಸಿ. ಎಷ್ಟು ಗೂಡಿಗೆ ಕೊಳವೆ ಬಂದಿದೆ, ಎಷ್ಟು ಹೆಲ್ಮೆಟ್‌ನಲ್ಲೇ ನಿಂತಿವೆ ಎಂದು ವಾರಕ್ಕೊಮ್ಮೆ ಬರೆಯಲಿ. ನವೆಂಬರ್ 12ಕ್ಕೆ ಆ ಪಟ್ಟಿಯನ್ನು ನನಗೂ ಕಳಿಸಿ. ಕಾಯುತ್ತಿರುತ್ತೇನೆ.